ಹೊಡೆಯುವಾಗ ಕಣ್ಣು ಎಲ್ಲಿರಬೇಕು

ಬೀದರ
೨೩ ಜೂನ್ ೨೦೨೪, ರವಿವಾರ

ದತ್ತು,

ನಿನ್ನ ಗಂಟಲಿನ ಆಪರೇಷನ್ ಆದಾಗಿನಿಂದ ನಾನು ಫೋನ್ ಮಾಡಿದರೆ ನಿನ್ನ ಮನೆಯವರು, ಅಲಕಾ ವೈನಿಯೇ ಎತ್ತುತ್ತಾರೆ. ನೀನು ತಲೆಯಾಡಿಸಿದ್ದನ್ನೆಲ್ಲ ಅವರೇ ಹೇಳಬೇಕು. "ಹೂಂ ಅಂದ್ರು ನೋಡ್ರಿ, ಈಗ ಇಲ್ಲ ಅಂದ್ರು ನೋಡ್ರಿ" ಎನ್ನುವ ಆ ಕಾಮೆಂಟರಿ ಕೇಳಿ ನಗಬೇಕೋ ಅಳಬೇಕೋ ತಿಳಿಯದೆ ಫೋನ್ ಇಡುತ್ತೇನೆ. ಅದಕ್ಕೇ ಈ ಕಾಗದ. ಪೋಸ್ಟ್ ಮಾಸ್ತರನಾಗಿ ನಿವೃತ್ತನಾದವನಿಗೆ ಕಾಗದ ಬರೆಯಲು ಸಂಕೋಚವೇಕೆ?

ನಾನು ಡ್ರಿಲ್ ಮಾಸ್ತರಿಕೆ ಮುಗಿಸಿ, ಕಮಠಾಣದ ಹನ್ನೆರಡು ಮಕ್ಕಳನ್ನು ವ್ಯಾನಿನಲ್ಲಿ ಬೀದರದ ಶಾಲೆಗೆ ತಂದು ಬಿಡುವ ಕೆಲಸ ಹಿಡಿದು ಮೂರು ವರ್ಷವಾಯಿತು. ಬೆಳಿಗ್ಗೆ ಐದಕ್ಕೆ ಏಳಬೇಕು. ಗಂಡ ಇಲ್ಲಿ, ಹೆಂಡತಿ ಅಲ್ಲಿ, ಸುಸನ್ನಾ ಭಾಲ್ಕಿಯ ಆಸ್ಪತ್ರೆಯ ನರ್ಸ್ ಕ್ವಾರ್ಟರ್ಸಿನಲ್ಲಿ. ಶನಿವಾರ ಸಂಜೆ ಬರುತ್ತಾಳೆ, ರವಿವಾರ ಚರ್ಚಿನಿಂದ ಬಂದು ಮಲಗಿದರೆ ಸಂಜೆಗೇ ಏಳುವುದು, ಸೋಮವಾರ ನಸುಕಿಗೆ ಮತ್ತೆ ಬಸ್ಸು. ಅವಳು ಮಲಗಿದ ಆ ಹೊತ್ತಿನಲ್ಲಿ ಕ್ಲಬ್ಬಿಗೆ ಹೋಗಿ ಎರಡು ಫ್ರೇಮ್ ಸ್ನೂಕರ್ ಆಡುವುದೊಂದೇ ನನಗೆ ಉಳಿದ ಸುಖ.

ಆ ಸುಖಕ್ಕೂ ಈಗ ಕಲ್ಲು ಬಿದ್ದಿದೆ. ಮೆಡಿಕಲ್ ಅಂಗಡಿಯ ಮುಬಶ್ಶೀರ ಸಾಲಾಗಿ ಮೂರು ರವಿವಾರ ನನ್ನನ್ನು ಸೋಲಿಸಿದ. ಮುಬಶ್ಶೀರ! ಕ್ಯೂ ಕೋಲು ಹಿಡಿದರೆ ಕಸಬರಿಗೆ ಹಿಡಿದ ಹಾಗೆ ಕಾಣುವವನು. ಅವನೇನೂ ಸುಧಾರಿಸಿಲ್ಲ, ನಾನು ಕೆಟ್ಟಿದ್ದೇನೆ. ಪಾಕೆಟ್ಟಿನ ಬಾಯಲ್ಲೇ ನಿಂತ ಚೆಂಡೂ ತಪ್ಪುತ್ತದೆ.

ಒಂದೇ ಪ್ರಶ್ನೆ ಕೇಳುತ್ತೇನೆ, ನಗಬೇಡ. ಈ ಆಟ ನನಗೆ ಕಲಿಸಿದವನು ನೀನು. ಹೊಡೆಯುವ ಆ ಗಳಿಗೆಯಲ್ಲಿ ಕಣ್ಣು ಎಲ್ಲಿರಬೇಕು? ಕ್ಯೂದ ಮುಂದಿರುವ ಬಿಳಿ ಚೆಂಡಿನ ಮೇಲೋ, ಆ ಬಿಳಿ ಹೋಗಿ ಬಡಿಯಬೇಕಾದ ದೂರದ ಕೆಂಪು ಚೆಂಡಿನ ಮೇಲೋ? ಮೂವತ್ತು ವರ್ಷ ಆಡಿದ ಮೇಲೆ ಇದನ್ನು ಕೇಳುವುದು ನಾಚಿಕೆಗೇಡು. ಬಹಳ ದಣಿದಿದ್ದೇನೆ ದತ್ತು.

ನಿನ್ನ
ವಿಲಿಯಂ

ಸಂತಪುರ
೨ ಜುಲೈ ೨೦೨೪

ವಿಲಿಯಂ ಮಾಸ್ತರ,

ನಗಬೇಡ ಎಂದಿದ್ದೆ, ನಕ್ಕೆ. ಈಗ ನನ್ನ ನಗುವಿಗೆ ಸದ್ದಿಲ್ಲ, ಗಂಟಲಿನ ತೂತಿನಿಂದ ಗಾಳಿ ಬುಸ್ ಎನ್ನುತ್ತದೆ ಅಷ್ಟೆ. ಅಲಕಾ ಗಾಬರಿಯಾಗಿ ಒಳಗಿನಿಂದ ಓಡಿ ಬಂದಳು. ಪಾಟಿಯ ಮೇಲೆ 'ನಗಲಾಕತ್ತೀನಿ' ಎಂದು ಬರೆದು ತೋರಿಸಿದೆ. "ಮೊದಲ ಮಾತಾಡಿ ತಲಿ ತಿಂತಿದ್ರಿ, ಈಗ ಬರದು ತಿನ್ನಲಾಕತ್ತೀರಿ" ಎಂದು ಒಳಗೆ ಹೋದಳು.

ಕೇಳು. ಬಗ್ಗಿದ ಮೇಲೆ ಮೊದಲು ಬಿಳಿಯನ್ನು ನೋಡು. ಕ್ಯೂದ ತುದಿ ಅದರ ಯಾವ ಜಾಗಕ್ಕೆ ತಾಗಬೇಕೋ ಅಲ್ಲಿಗೇ ಬಂದಿದೆಯೇ ಎಂದು ಖಾತ್ರಿ ಮಾಡಿಕೋ. ಕ್ಯೂವನ್ನು ಎರಡು ಮೂರು ಸಲ ಹಿಂದೆ ಮುಂದೆ ಆಡಿಸುವಾಗ ಕಣ್ಣು ಬಿಳಿಯಿಂದ ಕೆಂಪಿಗೆ, ಕೆಂಪಿನಿಂದ ಬಿಳಿಗೆ ಹೋಗಿ ಬರಲಿ. ಆಮೇಲೆ ಒಂದು ಕ್ಷಣ ನಿಲ್ಲು. ಕಣ್ಣನ್ನು ಕೆಂಪಿಗೆ ಒಯ್ದು ಬಿಳಿ ಬಡಿಯಬೇಕಾದ ಆ ಬಿಂದುವಿನ ಮೇಲೆ ಇಟ್ಟುಬಿಡು. ಹೊಡೆ. ಬಿಳಿ ಎಲ್ಲಿಗೂ ಓಡಿ ಹೋಗುವುದಿಲ್ಲ, ಕಣ್ಣಿನ ಕೆಳಗಿನ ಅಂಚಿನಲ್ಲಿ ತಾನಾಗಿಯೇ ಕಾಣುತ್ತಿರುತ್ತದೆ. ಕೊನೆಯ ನೋಟ ಕೆಂಪಿಗೇ. ಇದರಲ್ಲಿ ವಾದವಿಲ್ಲ.

ನನ್ನ ಸುದ್ದಿ ಏನಿದೆ? ಸೋಮವಾರ ಸೋಮವಾರ ಔರಾದಿಗೆ ಹೋಗಿ ಗಂಟಲಿನ ನಳಿಕೆ ಸ್ವಚ್ಛ ಮಾಡಿಸಿಕೊಂಡು ಬರುತ್ತೇನೆ. ಕಂಡಕ್ಟರನಿಗೆ ಊರಿನ ಹೆಸರು ಬರೆದ ಚೀಟಿ ತೋರಿಸಿದರೆ ಇಡೀ ಬಸ್ಸು ನನ್ನನ್ನೇ ನೋಡುತ್ತದೆ. ಕೆಲವು ದಿನ ಸಾಕಪ್ಪ ಎನ್ನಿಸುತ್ತದೆ. ನೀನು ಇಂಥ ಪ್ರಶ್ನೆ ಕೇಳುತ್ತಿರು, ಹೊತ್ತು ಹೋಗುತ್ತದೆ.

ದತ್ತಾತ್ರೇಯ

ಬೀದರ
೨೧ ಜುಲೈ ೨೦೨೪, ರವಿವಾರ

ದತ್ತು,

ನೀನು ಹೇಳಿದಂತೆ ಮೂರು ರವಿವಾರ ಆಡಿದೆ. ಆಗುತ್ತಿಲ್ಲ. ಕಣ್ಣು ಕೆಂಪಿಗೆ ಏರಿದ ಕೂಡಲೇ ಬಿಳಿ ಹೋಗಿಬಿಡುತ್ತದೆ. ಅಂಚಿನಲ್ಲಿ ತಾನಾಗಿಯೇ ಕಾಣುತ್ತದೆ ಎಂದು ಬರೆದಿದ್ದೀಯಲ್ಲ, ಯಾವ ಅಂಚು? ನನಗೆ ಅಲ್ಲಿ ಬರೀ ಹಸಿರು ಬಟ್ಟೆ. ಅಂದಾಜಿನ ಮೇಲೆ ಹೊಡೆದರೆ ಕ್ಯೂ ಜಾರಿ ಚೆಂಡಿನ ಬದಿಯನ್ನು ಉಜ್ಜಿಕೊಂಡು ಹೋಯಿತು. ಒಮ್ಮೆ ಬಟ್ಟೆಗೇ ತಾಗಿ ಗೆರೆ ಎಳೆಯಿತು. "ಮಾಸ್ತರ, ಇದು ಟೇಬಲ್ ಅದರಿ, ಹೊಲ ಅಲ್ಲ" ಅಂದ ಮುಬಶ್ಶೀರ.

ಈಗ ನನ್ನದೇ ಉಪಾಯ ಹೂಡಿದ್ದೇನೆ. ಕೆಂಪನ್ನು ಮೊದಲೇ ಚೆನ್ನಾಗಿ ನೋಡಿ ನೆನಪಿಟ್ಟುಕೊಳ್ಳುವುದು, ಕೊನೆಗೆ ಬಿಳಿಯನ್ನೇ ದಿಟ್ಟಿಸಿ ಹೊಡೆಯುವುದು. ಹತ್ತರಲ್ಲಿ ಮೂರು ಬೀಳುತ್ತವೆ. ಹೀಗೆ ಆಡುವವರೂ ಇರಬೇಕಲ್ಲ? 'ನಡೆಯುತ್ತದೆ' ಎಂದು ಒಂದು ಸಾಲು ಬರೆ, ಸಾಕು.

ಮಳೆ ಹಿಡಿದು ಕಮಠಾಣದ ಓಣಿಗಳೆಲ್ಲ ಕೆಸರು. ಮಕ್ಕಳನ್ನು ಮನೆಯ ಬಾಗಿಲಲ್ಲೇ ಹತ್ತಿಸಿಕೊಳ್ಳಬೇಕು, ಇಕ್ಕಟ್ಟಿನಲ್ಲಿ ಗಾಡಿ ಹಿಂದೆ ಮುಂದೆ ಮಾಡಬೇಕು. ಮನೆಗೆ ಬಂದ ಮೇಲೆ ಬೂಟು ಬಿಚ್ಚಲೂ ಬೇಸರ.

ವಿಲಿಯಂ

ಸಂತಪುರ
೩೦ ಜುಲೈ ೨೦೨೪

ಮಾಸ್ತರ,

ನಡೆಯುವುದಿಲ್ಲ. ಬೇಕಿದ್ದರೆ ಠಸ್ಸೆ ಒತ್ತಿ ಕಳಿಸುತ್ತೇನೆ.

ನೆನಪಿನ ಮೇಲೆ ಯಾರಾದರೂ ಗುರಿ ಹೊಡೆಯುತ್ತಾರೆಯೇ? ನಾನು ಬೀದರದ ಹೆಡ್ ಪೋಸ್ಟಾಫೀಸಿನಲ್ಲಿದ್ದ ಅಷ್ಟೂ ವರ್ಷ ನಿನ್ನ ಎದುರು ಆಡಿದ್ದೇನೆ. ಕೆಂಪಿನ ಮೇಲೆ ಕಣ್ಣಿಟ್ಟೆಯೆಂದರೆ ಪಕ್ಕದಲ್ಲಿ ಕಪ್ಪುಬಸಿ ಬಿದ್ದು ಒಡೆದರೂ ನೀನು ತಿರುಗುತ್ತಿರಲಿಲ್ಲ. ಈಗ ಬಿಳಿ ಕಾಣುವುದಿಲ್ಲವಂತೆ! ಇದು ಶುದ್ಧ ಸೋಮಾರಿತನ. ವ್ಯಾನಿನ ಸೀಟಿನಲ್ಲಿ ಕೂತು ಕೂತು ಸೊಂಟ ಬಗ್ಗುತ್ತಿಲ್ಲ, ಅದಕ್ಕೆ ಕಣ್ಣಿನ ಮೇಲೆ ಹಾಕುತ್ತಿದ್ದೀಯ.

ಒಂದು ಪರೀಕ್ಷೆ ಮಾಡು. ಬಿಳಿಯನ್ನು ಹತ್ತಿರ ಇಟ್ಟುಕೋ, ಕೆಂಪನ್ನು ದೂರ. ಬಗ್ಗಿ ಕೆಂಪನ್ನೇ ನೋಡು, ಕಣ್ಣು ಅಲ್ಲಾಡಬಾರದು. ಮುಬಶ್ಶೀರ ಸದ್ದಿಲ್ಲದೆ ಬಿಳಿಯನ್ನು ತೆಗೆಯಲಿ, ಇಡಲಿ. ಇದೆಯೋ ಇಲ್ಲವೋ ನೀನು ಹೇಳಬೇಕು. ಒಂದೊಂದು ಕಣ್ಣು ಮುಚ್ಚಿಕೊಂಡೂ ಮಾಡು. ಹತ್ತಕ್ಕೆ ಹತ್ತು ಸರಿ ಹೇಳುತ್ತೀ, ನಿನ್ನ ನೆಪ ಬಯಲಾಗುತ್ತದೆ.

ದತ್ತಾತ್ರೇಯ

ಬೀದರ
೧೮ ಆಗಸ್ಟ್ ೨೦೨೪, ರವಿವಾರ

ದತ್ತು,

ಪರೀಕ್ಷೆ ಮಾಡಿದೆವು. ಕ್ಲಬ್ಬಿನಲ್ಲಿದ್ದವರೆಲ್ಲ ಚಹಾ ಹಿಡಿದುಕೊಂಡು ಸುತ್ತ ನೆರೆದಿದ್ದರು.

ನಾನು ಕೆಂಪನ್ನೇ ನೋಡುತ್ತ ನಿಂತೆ. "ಅದ ಏನ್ರಿ ಮಾಸ್ತರ?" ಎಂದು ಮುಬಶ್ಶೀರ ಕೇಳಿದ. ಅಂದಾಜಿನ ಮೇಲೆ "ಅದ" ಅಂದೆ. ಎಲ್ಲರೂ ನಕ್ಕರು. ನೋಡಿದರೆ ಬಿಳಿ ಚೆಂಡು ಅವನ ಪ್ಯಾಂಟಿನ ಜೇಬಿನಲ್ಲಿತ್ತು. ಎರಡನೆಯ ಸಲ "ಇಲ್ಲ" ಅಂದೆ, ಅದು ಕ್ಯೂದ ಮುಂದೆಯೇ ಇತ್ತು. ಬಲಗಣ್ಣಿನಲ್ಲಿ ಮಾಡಿದೆ, ಎಡಗಣ್ಣಿನಲ್ಲಿ ಮಾಡಿದೆ. ಹತ್ತರಲ್ಲಿ ನಾಲ್ಕು ಸರಿಯಾದವು. ಅವೂ ಊಹೆ. ಕೊನೆ ಕೊನೆಗೆ ಮುಬಶ್ಶೀರ ನಗುವುದನ್ನು ನಿಲ್ಲಿಸಿದ. "ನೀವು ಚಾಳೀಸ ಬದಲ್ ಮಾಡ್ರಿ ಮಾಸ್ತರ" ಅಂದ.

ಕನ್ನಡಕ ಹೊಸದೇ ಇದೆ. ಪೇಪರು ಓದುತ್ತೇನೆ, ದೂರದ ಬಸ್ಸಿನ ಬೋರ್ಡು ಓದುತ್ತೇನೆ. ನೇರವಾಗಿ ನೋಡಿದ್ದು ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ. ಆದ್ದರಿಂದ ಕಣ್ಣಿನದೇನೂ ಅಲ್ಲ, ನಿದ್ದೆಗೆಟ್ಟದ್ದು ಇರಬೇಕು. ನೀನೂ ಹಾಗೆಯೇ ಬರೆ.

ವಿಲಿಯಂ

ಸಂತಪುರ
೩ ಸೆಪ್ಟೆಂಬರ್ ೨೦೨೪

ವಿಲಿಯಂ,

ಹಾಗೆ ಬರೆಯಲಾರೆ. ಸೋಮಾರಿ ಎಂದು ಬೈದದ್ದಕ್ಕೆ ಮೊದಲು ನನ್ನನ್ನು ಮನ್ನಿಸು.

ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಸೋಮವಾರ ಔರಾದಿಗೆ ಹೋದೆ. ಆಸ್ಪತ್ರೆಯಲ್ಲಿ ಅವತ್ತು ಕಣ್ಣಿನ ಡಾಕ್ಟರು ಬಂದಿದ್ದರು. ಚೀಟಿಯಲ್ಲ, ನಿನ್ನ ಕಾಗದವನ್ನೇ ಅವರ ಮುಂದೆ ಇಟ್ಟೆ. ಪುಣ್ಯಾತ್ಮ, ಎರಡು ಸಲ ಓದಿದರು. "ಇವ್ರಿಗಿ ಕಾಚಬಿಂದು, ಗ್ಲಾಕೋಮಾ ಅಂತಾರಲ್ಲ, ಅದು ಇರಬೇಕ್ರಿ. ನೋವ ಇರಂಗಿಲ್ಲ, ಕೆಂಪ ಆಗಂಗಿಲ್ಲ. ಬದಿಯಿಂದ ನೋಟ ತಿನ್ಕೋತ ಬರ್ತದ. ನಡಕಿಂದು ಚಂದ ಕಾಣ್ತದ ಅಂತ ಮನಷ್ಯಾಗ ಗೊತ್ತೇ ಆಗಂಗಿಲ್ಲ. ಜಲ್ದಿ ಬರಾಕ ಹೇಳ್ರಿ" ಎಂದರು. ಹೋದ ನೋಟ ವಾಪಸು ಬರುವುದಿಲ್ಲ, ಉಳಿದದ್ದನ್ನು ಉಳಿಸಬಹುದು ಎಂದೂ ಹೇಳಿದರು.

ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಆಟದ ಯೋಚನೆ ಬರಲಿಲ್ಲ. ದೂರ ನೋಡಿದರೆ ಹತ್ತಿರದ್ದು ಮಾಯವಾಗುತ್ತದೆ ಎಂದು ನೀನೇ ಬರೆದಿದ್ದೀಯ. ಗಾಡಿ ಓಡಿಸುವಾಗ ನೀನು ನೋಡುವುದು ದೂರದ ರಸ್ತೆಯನ್ನೇ ತಾನೆ? ಆಗ ಗಾಡಿಯ ಮೂತಿಯ ಹತ್ತಿರ ಒಂದು ಮಗು ನಿಂತಿದ್ದರೆ?

ವಿಲಿಯಂ, ನಾಳೆಯಿಂದ ವ್ಯಾನ್ ನಿಲ್ಲಿಸು. ಕಣ್ಣು ತೋರಿಸು. ಆಮೇಲೆ ಏನಿದ್ದರೂ ನೋಡೋಣ. ಇದನ್ನು ಫೋನಿನಲ್ಲಿ ಕೂಗಿ ಹೇಳುವ ದನಿ ನನಗೆ ಇದ್ದಿದ್ದರೆ ಚೆನ್ನಾಗಿತ್ತು.

ದತ್ತು

ಸಂತಪುರ
೨೨ ಸೆಪ್ಟೆಂಬರ್ ೨೦೨೪

ವಿಲಿಯಂ,

ನಿನ್ನ ಉತ್ತರವಿಲ್ಲ. ಅಲಕಾಳಿಂದ ಮೂರು ಸಲ ಫೋನ್ ಮಾಡಿಸಿದೆ. "ಅರಾಮ ಇದ್ದೀನ್ರಿ ವೈನಿ, ಗಾಡಿ ಮ್ಯಾಗ ಇದ್ದೀನಿ, ಆಮ್ಯಾಲ ಮಾಡ್ತೇನಿ" ಎಂದು ಇಟ್ಟೆಯಂತೆ. ಗಾಡಿಯ ಮೇಲಿದ್ದೀ ಎಂದು ಕೇಳಿಯೇ ನನಗೆ ಕೂಡ್ರಲಾಗುತ್ತಿಲ್ಲ.

ನಿನ್ನ ಮೇಲೆ ಸಿಟ್ಟಿಲ್ಲ. ನನ್ನ ಗಂಟಲಲ್ಲಿ ಗಂಟು ಕಾಣಿಸಿದಾಗ ಎಂಟು ತಿಂಗಳು ನಾನೂ ಅಲಕಾಳಿಗೆ ಹೇಳಿರಲಿಲ್ಲ. ಥಂಡಿ ಎನ್ನುತ್ತಿದ್ದೆ. ಆದರೆ ನನ್ನ ಗಂಟು ನನ್ನೊಬ್ಬನನ್ನೇ ಕೊಲ್ಲುತ್ತಿತ್ತು.

ಈ ತಿಂಗಳು ಮುಗಿಯುವುದರೊಳಗೆ ನಿನ್ನಿಂದ ಕಾಗದ ಬರದಿದ್ದರೆ ನಾನು ಸುಸನ್ನಾಗೆ ಬರೆಯುತ್ತೇನೆ. ಬೆನ್ನ ಹಿಂದೆ ಬರೆದೆ ಎನ್ನಬಾರದು ಎಂದು ಮೊದಲೇ ತಿಳಿಸುತ್ತಿದ್ದೇನೆ.

ದತ್ತು

ಸಂತಪುರ
೩ ಅಕ್ಟೋಬರ್ ೨೦೨೪

ಸುಸನ್ನಾ ತಂಗಿಗೆ,

ನಿನ್ನ ಆಸ್ಪತ್ರೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ, ಗಾಬರಿಯಾಗಬೇಡ. ವಿಲಿಯಂ ನನಗೆ ಬರೆದ ಮೂರು ಕಾಗದ ಇದರೊಳಗಿವೆ. ಓದು. ಆಟದ ವಿಷಯ ಎಂದು ತೆಗೆದಿಡಬೇಡ, ಕೊನೆಯವರೆಗೂ ಓದು. ಔರಾದಿನ ಕಣ್ಣಿನ ಡಾಕ್ಟರು ಕಾಚಬಿಂದು ಎನ್ನುತ್ತಾರೆ. ನಾನು ಒಂದು ತಿಂಗಳ ಹಿಂದೆಯೇ ಅವನಿಗೆ ತಿಳಿಸಿದ್ದೆ. ಅವನು ಆಮೇಲೂ ವ್ಯಾನ್ ಓಡಿಸುತ್ತಿದ್ದ.

ಗೆಳೆಯನನ್ನು ಕಳೆದುಕೊಳ್ಳುತ್ತೇನೆ ಎಂಬ ಹೆದರಿಕೆಯಿಂದ ನಾನೂ ಒಂದು ತಿಂಗಳು ಸುಮ್ಮನಿದ್ದೆ. ಈ ತಿಂಗಳಲ್ಲಿ ಏನಾದರೂ ಆಗಿದ್ದರೆ ಅದರಲ್ಲಿ ನನ್ನ ಪಾಲೂ ಇರುತ್ತಿತ್ತು. ಈಗ ದಸರಾ ರಜೆ, ಗಾಡಿ ನಿಂತಿದೆ. ಶಾಲೆ ತೆರೆಯುವುದರೊಳಗೆ ಏನಾದರೂ ಮಾಡು.

ನಿನ್ನ ಅಣ್ಣ
ದತ್ತಾತ್ರೇಯ

ಭಾಲ್ಕಿ
೧೪ ಅಕ್ಟೋಬರ್ ೨೦೨೪

ದತ್ತಾತ್ರೇಯ ಅಣ್ಣನವರಿಗೆ ಸುಸನ್ನಾಳ ನಮಸ್ಕಾರಗಳು.

ಡ್ಯೂಟಿ ಮುಗಿಸಿ ಬಂದು ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಕ್ಷಮಿಸಿ.

ಮೂವತ್ತೊಂದು ವರ್ಷದಿಂದ ನಾನು ನರ್ಸು. ಎಷ್ಟು ಜನರ ಕಣ್ಣಿಗೆ ಹನಿ ಹಾಕಿದ್ದೇನೆಯೋ ಲೆಕ್ಕವಿಲ್ಲ. ನನ್ನ ಮನೆಯವರು ಚಹಾವನ್ನು ಕಪ್ಪಿನ ಹೊರಗೆ ಸುರಿದಾಗ ನಾನೇ ಒರೆಸಿದ್ದೇನೆ. ಹೊಸ್ತಿಲು ಎಡವಿದಾಗ "ನೋಡ್ಕೊಂಡ ನಡೀರಿ" ಎಂದು ನಾನೇ ರೇಗಿದ್ದೇನೆ. ವಾರಕ್ಕೆ ಒಂದು ದಿನ ಮನೆಗೆ ಹೋಗುತ್ತೇನೆ, ಆ ದಿನವೂ ನಿದ್ದೆ ಮಾಡುತ್ತೇನೆ. ನೀವು ಸಂತಪುರದಲ್ಲಿ ಕೂತು ಕಂಡದ್ದು ನನಗೆ ಒಂದೇ ಮನೆಯಲ್ಲಿದ್ದು ಕಾಣಲಿಲ್ಲ. ಬಹಳ ನಾಚಿಕೆಯಾಯಿತು ಅಣ್ಣಾ.

ರಜೆ ಹಾಕಿ ಇವರನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬೋಗುಣಿಯಂಥ ಯಂತ್ರದೊಳಗೆ ಮುಖ ಇಟ್ಟು, ನಡುವಿನ ದೀಪವನ್ನೇ ನೋಡುತ್ತ, ಸುತ್ತ ಎಲ್ಲಾದರೂ ಚುಕ್ಕೆ ಬೆಳಕು ಕಂಡರೆ ಗುಂಡಿ ಒತ್ತಬೇಕು. ಇವರು ಕಣ್ಣಾಡಿಸಿ ಚುಕ್ಕೆಗಳನ್ನು ಹುಡುಕಿ ಹುಡುಕಿ ಒತ್ತಿದರು, ಫ್ರೇಮ್ ಗೆಲ್ಲಲು ಹೊರಟವರ ಹಾಗೆ. "ಹುಡುಕಬ್ಯಾಡ್ರಿ ಸರ, ನಡಕಿಂದೇ ನೋಡ್ರಿ" ಎಂದು ಯಂತ್ರ ನಡೆಸುವ ಹುಡುಗಿ ಬೇಡಿಕೊಂಡಳು. ಎರಡನೆಯ ಸಲ ನಾನು ಪಕ್ಕದಲ್ಲಿ ನಿಂತು ಭುಜದ ಮೇಲೆ ಕೈ ಇಟ್ಟೆ. ಆಗ ಸರಿಯಾಗಿ ಕೂತರು. ಬಹಳ ಹೊತ್ತು ಗುಂಡಿಯ ಸದ್ದೇ ಬರಲಿಲ್ಲ. ಚುಕ್ಕೆಗಳು ಬಂದು ಹೋಗುತ್ತಿದ್ದವು, ಇವರ ಬೆರಳು ಸುಮ್ಮನಿತ್ತು.

ಎರಡೂ ಕಣ್ಣಿನಲ್ಲಿ ಕೆಳಗಿನ ಭಾಗ ಹೋಗಿದೆ. ಉಳಿದದ್ದಕ್ಕೆ ದಿನಾ ಹನಿ ಹಾಕಬೇಕು, ಸಾಯುವವರೆಗೆ. ಗಾಡಿ ಓಡಿಸಬಾರದು ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಮನೆಗೆ ಬಂದು ವ್ಯಾನಿನ ಕೀಲಿಯನ್ನು ಮೇಜಿನ ಮೇಲೆ ಇಟ್ಟರು. ಶಾಲೆ ತೆರೆದ ಮೇಲೆ ನಮ್ಮ ಪರಿಚಯದ ಮಕ್ಬೂಲ ಓಡಿಸುತ್ತಾನೆ, ಹಳೆಯ ಡ್ರೈವರು, ನಂಬಿಗಸ್ತ. ಇವರು ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ನಿಮ್ಮ ಮೇಲಂತೂ ವಿಪರೀತ ಸಿಟ್ಟು. ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಸುಸನ್ನಾ

ಬೀದರ
೨೦ ಅಕ್ಟೋಬರ್ ೨೦೨೪

ದತ್ತಾತ್ರೇಯ,

ನಾಳೆ ಶಾಲೆ ಶುರು. ನನ್ನ ಗಾಡಿಯಲ್ಲಿ ಬೇರೆಯವನು ಕೂಡುತ್ತಾನೆ. ನಿನಗೆ ಈಗ ಸಮಾಧಾನವೇ?

ನಾನು ನಿನಗೆ ಬರೆದದ್ದನ್ನು ನೀನು ನನ್ನ ಹೆಂಡತಿಗೆ ಕಳಿಸಿದೆ. ನಲವತ್ತು ವರ್ಷ ಊರಿನವರ ಕಾಗದ ಮುಟ್ಟಿಸಿದವನು ನನ್ನ ಕಾಗದವನ್ನು ಮಾತ್ರ ಬೇರೆ ಬಾಗಿಲಿಗೆ ಹಾಕಿದೆ. ನಿನಗೆ ಮಾತು ಹೋಯಿತು, ನನಗೂ ಏನಾದರೂ ಹೋಗಲಿ ಎಂದು ಕಾಯುತ್ತಿದ್ದೆಯಾ?

ಮತ್ತೆ ಬರೆಯಬೇಡ.

ವಿಲಿಯಂ

ಸಂತಪುರ
೨೯ ಅಕ್ಟೋಬರ್ ೨೦೨೪
(ಕಾರ್ಡು)

ಬೈದದ್ದು ಮುಟ್ಟಿತು. ಹನಿ ಹಾಕಿಕೊಳ್ಳುತ್ತಿದ್ದೀಯಾ?

ದತ್ತು

ಬೀದರ
೧೦ ನವೆಂಬರ್ ೨೦೨೪, ರವಿವಾರ

ದತ್ತು,

ಹಾಕಿಕೊಳ್ಳುತ್ತಿದ್ದೇನೆ. ಹಿಂದಿನ ಕಾಗದದಲ್ಲಿ ಒಂದು ವಾಕ್ಯ ಬರೆದೆ, ಯಾವುದೆಂದು ನಿನಗೆ ಗೊತ್ತು. ಅದನ್ನು ಬರೆದ ದಿನದಿಂದ ನನಗೆ ಸರಿಯಾಗಿ ಊಟ ಸೇರಿಲ್ಲ. ಕ್ಷಮಿಸು.

ಇನ್ನೊಂದು ಮಾತಿದೆ. ಜೂನಿನಲ್ಲಿ ನಾನು ನಿನ್ನನ್ನು ಕೇಳಿದ್ದು ಆಟಕ್ಕಾಗಿ ಅಲ್ಲ.

ಶಾಲೆ ಶುರುವಾದ ಎರಡನೆಯ ವಾರ. ಕಮಠಾಣದಲ್ಲಿ ಗುಡಿಯಾ ಎಂಬ ಏಳು ವರ್ಷದ ಹುಡುಗಿ ಹತ್ತಬೇಕಿತ್ತು. ಅವಳು ಇನ್ನೂ ಬಂದಿಲ್ಲ ಎಂದುಕೊಂಡು ನಾನು ಓಣಿಯ ತುದಿಯನ್ನು ನೋಡುತ್ತ ಗಾಡಿ ಮುಂದಕ್ಕೆ ಬಿಟ್ಟೆ. ಟಪ್ ಎಂದು ಸದ್ದಾಯಿತು. ಇಳಿದು ನೋಡಿದರೆ ಅವಳ ನೀರಿನ ಬಾಟಲಿ ಮುಂದಿನ ಗಾಲಿಯ ಕೆಳಗೆ, ಅವಳು ಒಂದು ಗೇಣು ದೂರದಲ್ಲಿ ನೆಲದ ಮೇಲೆ. ಮೊಣಕಾಲು ತರಚಿತ್ತು, ಅಷ್ಟೆ. "ಏನೂ ಆಗಿಲ್ಲರಿ ಮಾಸ್ತರ" ಎಂದು ಎದ್ದಳು, ನನ್ನನ್ನೇ ಸಮಾಧಾನ ಮಾಡುವ ಹಾಗೆ. ಮರುದಿನ ಹೊಸ ಬಾಟಲಿ ತಂದುಕೊಟ್ಟೆ, ಯಾರಿಗೂ ಹೇಳಲಿಲ್ಲ. ಅಷ್ಟು ಹತ್ತಿರವಿದ್ದ ಮಗು ನನಗೆ ಹೇಗೆ ಕಾಣಲಿಲ್ಲ ಎಂದು ಯಾರನ್ನಾದರೂ ಕೇಳಬೇಕಿತ್ತು. ಹಾಗೆಂದು ಬರೆಯಲು ಕೈ ಬರಲಿಲ್ಲ. ಚೆಂಡಿನ ಹೆಸರು ಹೇಳಿ ನಿನ್ನನ್ನು ಕೇಳಿದೆ.

ನೀನು ಕಾಚಬಿಂದು ಎಂದು ಬರೆದ ಮೇಲೂ ಒಂದು ತಿಂಗಳು ಗಾಡಿ ಓಡಿಸಿದೆ. ಪ್ರತಿ ಮನೆಯ ಮುಂದೆ ಇಳಿದು ಗಾಡಿಗೆ ಒಂದು ಸುತ್ತು ಹಾಕಿ ಆಮೇಲೆ ಹತ್ತುತ್ತಿದ್ದೆ. ಸುತ್ತು ಹಾಕಿ ಬಂದು ಕೂಡುವಷ್ಟರಲ್ಲಿ ಮಗು ಎಲ್ಲಿಗೆ ಬೇಕಾದರೂ ಓಡಬಹುದು ಎಂದು ಡ್ರಿಲ್ ಮಾಸ್ತರನಿಗೆ ತಿಳಿಯದ್ದೇನಲ್ಲ. ಆ ಹನ್ನೆರಡು ಮಕ್ಕಳೂ ಹೋದರೆ ನನ್ನನ್ನು ಮಾಸ್ತರ ಎಂದು ಕರೆಯುವವರು ಯಾರೂ ಉಳಿಯುವುದಿಲ್ಲ ಎಂದು ಹೆದರಿದ್ದೆ. ಬೇರೆ ಕಾರಣವಿಲ್ಲ.

ಹನ್ನೆರಡೂ ಮನೆಗೆ ಹೋಗಿ ತಪ್ಪೊಪ್ಪಿಕೊಳ್ಳಬೇಕು ಎಂದು ನಿನ್ನೆ ರಜೆ ಹಾಕಿ ಬಂದ ಸುಸನ್ನಾಳನ್ನು ಕರೆದುಕೊಂಡು ಬಸ್ಸಿನಲ್ಲಿ ಕಮಠಾಣಕ್ಕೆ ಹೋದೆ. ಮೊದಲು ಗುಡಿಯಾಳ ಮನೆ. ಅವಳ ಅಜ್ಜಿ ಅನ್ವರಿ ಬೇಗಂ ಅಂಗಳದಲ್ಲಿ ಉದ್ದು ಹಸನು ಮಾಡುತ್ತಿದ್ದರು. ಎಲ್ಲವನ್ನೂ ಹೇಳಿದೆ. ಅವರು ಮೊರ ಕೆಳಗಿಟ್ಟರು.

"ನನಗ ಗೊತ್ತದ ಮಾಸ್ತರ್ ಸಾಬ್. ಅವತ್ತ ನಾ ಬಾಗಲದಾಗೇ ನಿಂತಿದ್ದೆ. ಪೋರಿ ಬಿದ್ದದ್ದು ನೋಡ್ದೆ. ಆಕಿ ನಿಮಗ ಕಂಡೇ ಇಲ್ಲ ಅಂಬೋದೂ ನೋಡ್ದೆ."

"ಮತ್ತ ಯಾಕ ಹೇಳ್ಲಿಲ್ರಿ?" ಎಂದು ಸುಸನ್ನಾ ಕೇಳಿದಳು.

"ಹೇಳಿದ್ರ ನನ ಮಗ ಅಯ್ಯುಬ ಆಕಿನ ಸಾಲಿ ಬಿಡಿಸ್ತಿದ್ದರಿ. ಬಸ್ಸಿನಾಗ ಕಳಸಂಗಿಲ್ಲ ಅವ. ಓದ್ಲಿ ಪೋರಿ ಅಂತ ಬಾಯಿ ಮುಚ್ಕೊಂಡೆ. ಮರುದಿನದಿಂದ ನಾನೇ ಕೈ ಹಿಡ್ಕೊಂಡು ಬಂದು ಗಾಡ್ಯಾಗ ಕೂಡ್ಸಿ, ನಿಮ್ಮ ಮಾರಿ ಎದುರಿಗಿ ನಿಂದ್ರತಿದ್ದೆ. ಗಾಡಿ ಹೊಂಟು ಹೋಗೋತನ, ಆಕಿ ಮತ್ತ ಇಳದು ಮುಂದ ಓಡಿ ಬರಬಾರದಂತ." ಸೆರಗಿಗೆ ಅಂಟಿದ ಉದ್ದಿನ ಹೊಟ್ಟು ಕೊಡವಿ ಮತ್ತೆ ಹೇಳಿದರು. "ನನ ಒಂದ ಪೋರೀನ ನಾ ಹಿಡ್ಕೊಂಡೆ. ಉಳದ ಹನ್ನೊಂದು ಮಂದೀನ ಯಾರ ಹಿಡೀತಾರ ಅಂತ ನೋಡ್ಲಿಲ್ಲ. ಅಲ್ಲಾ ನನಗೂ ಕೇಳ್ತಾನ. ಅಯ್ಯುಬಗ ನಾನೇ ಹೇಳ್ತೇನಿ. ಈಗ ಮಕ್ಬೂಲ ಬರ್ತಾನ, ನಾ ಹೊರಗ ಬರೋದ ಬಿಟ್ಟೀನ್ರಿ. ಮೊಣಕಾಲ ಭಾಳ ನೋಯ್ತಾವ."

ನಮಗೆ ಚಹಾ ಕೊಟ್ಟರು. ಕುಡಿದು ಉಳಿದ ಹನ್ನೊಂದು ಮನೆಗೂ ಹೋಗಿ ಹೇಳಿ ಬಂದೆವು.

ಆಕೆ ಬೆಳಿಗ್ಗೆ ಬೆಳಿಗ್ಗೆ ಮಳೆಯಲ್ಲೂ ಸೆರಗು ಹೊದ್ದುಕೊಂಡು ಗಾಡಿಯ ಎದುರು ನಿಲ್ಲುತ್ತಿದ್ದುದು ನನಗೆ ಕಾಣುತ್ತಿತ್ತು ದತ್ತು. ಅದು ಕಾಣುತ್ತಿತ್ತು. ಮಾಸ್ತರನಿಗೆ ಮರ್ಯಾದೆ ಕೊಡಲು ನಿಲ್ಲುತ್ತಾರೆ ಎಂದುಕೊಂಡು ನಾನು ದಿನಾ ಕೈಯೆತ್ತಿ ಸಲಾಂ ಹೇಳಿ ಹೊರಡುತ್ತಿದ್ದೆ.

ನಿನ್ನ
ವಿಲಿಯಂ